ಸಿಂಬಾಲಿಕ್ ಸಲ್ಯೂಷನ್‌ಗೆ "ಸಾಂಕೇತಿಕ ಪರಿಹಾರ" ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಕನ್ನಡ ಮೀಡಿಯಂನಲ್ಲಿ ಓದಿ ಡಿಗ್ರಿಗೆ ಬಂದಿರೋ ಹುಡುಗ್ರಿಗೆ ಅಂತ ಸಿಂಪೈ ಮತ್ತೆ ಮ್ಯಾಕ್ಸಿಮಾದಲ್ಲಿ (ಎರಡೂ ಗಣಿತ ಬಿಡಿಸೋ ಕಂಪ್ಯೂಟರ್ ಸಾಫ್ಟ್‌ವೇರ್) ಸುಲಭದ ಅವಕಲ ಸಮೀಕರಣಗಳನ್ನ ಬಿಡಿಸೋ ಬಗ್ಗೆ ನೋಟ್ಸ್ ಬರೀತಿದೀನಿ. ಅವಕಲನ, ಅನುಕಲನ, ಸ್ಥಿರಾಂಕ, ಚರಾಕ್ಷರ ಇವೆಲ್ಲ ಅವ್ರಿಗೆ ಗೊತ್ತಿರೋ ಪದಗಳೇ, ತೊಂದ್ರೆ ಇಲ್ಲ. ಸಿಕ್ಕಿಹಾಕ್ಕೊಂಡಿರೋದು ಸಿಂಬಾಲಿಕ್ ಅನ್ನೋದ್ರ ಹತ್ರ, ಅಂದ್ರೆ ಉತ್ತರವನ್ನ ದಶಮಾಂಶಕ್ಕೆ ಇಳಿಸದೆ ಅಕ್ಷರ, ಚಿಹ್ನೆಗಳಲ್ಲೇ ಇಡೋದು.

ಸಾಮಾನ್ಯವಾಗಿ ಕೊಡೋ ಪದ ಸಾಂಕೇತಿಕ. ಆದ್ರೆ ಸಾಂಕೇತಿಕ ಧರಣಿ, ಬೆಳೆ ಪರಿಹಾರ ಅಂತ ದಿನಾ ಪೇಪರಲ್ಲಿ ಓದೋರಿಗೆ "ಸಾಂಕೇತಿಕ ಪರಿಹಾರ" ಅಂದ್ರೆ ಹೆಸರಿಗೆ ಒಂದಿಷ್ಟು ದುಡ್ಡು ಕೊಟ್ಟು ಕೈತೊಳ್ಕೊಂಡ್ರು ಅಂತಲೇ ಕೇಳ್ಸುತ್ತೆ. ಇಲ್ಲಿ ಬೇಕಾಗಿರೋದು ಅದಕ್ಕೆ ಪೂರ್ತಿ ಉಲ್ಟಾ, ಅಂದಾಜೇ ಇಲ್ದಿರೋ ನಿಖರ ಉತ್ತರ.

ಒಂದು ಲೆಕ್ಕ ನೋಡಿ. ಕಾಫಿ 90 ಡಿಗ್ರಿ ಇದೆ, ಕೋಣೆ 25, ಹತ್ತು ನಿಮಿಷ ಬಿಟ್ಟು ನೋಡಿದ್ರೆ ಕಾಫಿ 60ಕ್ಕೆ ಇಳ್ದಿದೆ. ನ್ಯೂಟನ್ನನ ನಿಯಮದ ಪ್ರಕಾರ ಬಿಸಿ ಇಳಿಯೋ ದರ ಕಾಫಿಗೂ ಕೋಣೆಗೂ ಇರೋ ಉಷ್ಣತೆಯ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತೆ, ಆ ಅನುಪಾತದ ಸ್ಥಿರಾಂಕ ಕೆ. ಸಿಂಪೈನಲ್ಲಿ ಉಷ್ಣತೆಯನ್ನ ಫಂಕ್ಷನ್ ಅಂತ ಘೋಷಿಸಿ, ಸಮೀಕರಣ ಬರೆದು ಡಿಸಾಲ್ವ್‌ಗೆ (ಅವಕಲ ಸಮೀಕರಣ ಬಿಡಿಸೋ ಆಜ್ಞೆ) ಕೊಟ್ರೆ, ಉಷ್ಣತೆ ಅಂದ್ರೆ ಕೋಣೆಯ ಉಷ್ಣತೆ ಪ್ಲಸ್ ಸಿ1 ಇಂಟು ಇ ಟು ದ ಪವರ್ ಮೈನಸ್ ಕೆ ಟಿ ಅಂತ ಬರುತ್ತೆ (ಟಿ ಅಂದ್ರೆ ನಿಮಿಷದಲ್ಲಿ ಕಾಲ, ಸಿ1 ಅಂದ್ರೆ ಬಿಡಿಸೋವಾಗ ಹುಟ್ಟೋ ಸ್ಥಿರಾಂಕ). ಶುರುವಿನ ಬೆಲೆ ಹಾಕಿದ್ರೆ ಸಿ1 ಜಾಗಕ್ಕೆ 65 ಬಂತು. ಹತ್ತು ನಿಮಿಷದ ಬೆಲೆಯನ್ನೂ ಹಾಕಿದ್ರೆ, ಕೆ ಅಂದ್ರೆ 13 ಬೈ 7ರ ಲಾಗನ್ನ (ಸಹಜ ಲಾಗು, ಹತ್ತರ ಬೇಸ್ ಅಲ್ಲ) 10ರಿಂದ ಭಾಗಿಸಿದ್ದು. ಅಲ್ಲಿಗೆ ನಿಲ್ಸಿದ್ರೆ ಸಿಂಬಾಲಿಕ್. ಅದನ್ನೇ ಸುಮಾರು 0.0619 ಅಂತ ಬರೆದ ಕ್ಷಣ ಅದು ನ್ಯೂಮರಿಕ್, ಅಂದಾಜು ಒಳಗೆ ಬಂತು. ಕಾಫಿ 40 ಡಿಗ್ರಿಗೆ ಇಳಿಯೋಕೆ ಸುಮಾರು 23.7 ನಿಮಿಷ ಅಂತ ಹೇಳೋವಾಗ ಈ ಎರಡನೇದು ಸಾಕು, ಆದ್ರೆ ಕೋಣೆ ಬದಲಾದ್ರೆ ಏನಾಗುತ್ತೆ ಅಂತ ನೋಡೋಕೆ ಮೊದಲನೇದೇ ಬೇಕು, ಹುಡುಗ್ರಿಗೆ ಈ ವ್ಯತ್ಯಾಸ ಹಿಡಿಸೋದೇ ನೋಟ್ಸ್‌ನ ಅರ್ಧ ಕೆಲಸ, ಅದಕ್ಕೇ ಪದದ ಬಗ್ಗೆ ಇಷ್ಟು ತಲೆ ಕೆಡಿಸ್ಕೊಂಡಿರೋದು.

"ಸೂತ್ರರೂಪದ ಉತ್ತರ" ಅನ್ನೋಣ ಅಂದ್ರೆ, ಯಾವಾಗ್ಲೂ ಸೂತ್ರ ಸಿಗಲ್ವಲ್ಲ. ಕೆಲವು ಸಮೀಕರಣಕ್ಕೆ ಅನುಕಲನದ ಚಿಹ್ನೆ ಹಾಗೇ ಉಳ್ಕೊಂಡಿರೋ ಉತ್ತರ ಬರುತ್ತೆ, ಅದೂ ಸಿಂಬಾಲಿಕ್ಕೇ. ಹಾಗಾಗಿ ಸೂತ್ರರೂಪ ಅನ್ನೋದನ್ನ ಕ್ಲೋಸ್ಡ್ ಫಾರ್ಮ್‌ಗೆ (ಗೊತ್ತಿರೋ ಫಂಕ್ಷನ್‌ಗಳಲ್ಲೇ ಪೂರ್ತಿ ಬರೆಯೋಕಾಗೋ ಉತ್ತರ) ಮೀಸಲಿಡೋದು ಒಳ್ಳೇದು. ಭಾಸ್ಕರಾಚಾರ್ಯರ ಕಾಲದಲ್ಲಿ ಅಂಕಗಣಿತಕ್ಕೆ ವ್ಯಕ್ತಗಣಿತ, ಬೀಜಗಣಿತಕ್ಕೆ ಅವ್ಯಕ್ತಗಣಿತ ಅಂತಿದ್ರು, ಗೊತ್ತಿಲ್ಲದ ರಾಶಿಗಳಿಗೆ ಯಾವತ್ತಾವತ್, ಕಾಲಕ, ನೀಲಕ ಅಂತ ಹೆಸರಿಟ್ಟು ಯಾ, ಕಾ, ನೀ ಅಂತ ಮೊದಲಕ್ಷರದಲ್ಲೇ ಲೆಕ್ಕ ನಡೆಸ್ತಿದ್ರು, ಎಷ್ಟು ಚೆಂದ ನೋಡಿ! ಆದ್ರೆ ಅವ್ಯಕ್ತ ಅನ್ನೋದು ಇವತ್ತು ಇಂಪ್ಲಿಸಿಟ್‌ಗೆ (ಬೇಕಾದ ಫಂಕ್ಷನ್ ಬೇರೆಯಾಗಿ ನಿಲ್ಲದೆ ಸಮೀಕರಣದೊಳಗೇ ಉಳಿಯೋದು) ಬೇಕಾಗುತ್ತೆ, ಡಿಸಾಲ್ವ್ ಕೂಡ ಕೆಲವೊಮ್ಮೆ ಇಂಪ್ಲಿಸಿಟ್ ಉತ್ತರ ಕೊಡೋದ್ರಿಂದ ಒಂದೇ ಪುಟದಲ್ಲಿ ಎರಡೂ ಬಂದು ಗೊಂದಲ ಆಗುತ್ತೆ.

ನನ್ನ ಮನಸ್ಸು ವಾಲ್ತಿರೋದು "ಅಕ್ಷರದಲ್ಲಿ ಬಿಡಿಸೋದು", "ಅಂಕಿಯಲ್ಲಿ ಬಿಡಿಸೋದು" ಅನ್ನೋ ಜೋಡಿ ಕಡೆಗೆ. ಬಿಡಿಸು ಸ್ಕೂಲಿಂದ ಬಂದಿರೋ ಕ್ರಿಯಾಪದ, ಚರಾಕ್ಷರದಲ್ಲಿ ಅಕ್ಷರ ಇದ್ದೇ ಇದೆ. ಚೆಕ್ಕಲ್ಲಿ ಮೊತ್ತವನ್ನ ಅಕ್ಷರದಲ್ಲಿ ಬರೀರಿ ಅಂತಾರಲ್ಲ, ಆ ಅರ್ಥ ಅಡ್ಡ ಬರುತ್ತಾ ಅನ್ನೋದೊಂದೇ ಅನುಮಾನ. ಬೀಜರೂಪದ ಉತ್ತರ ಅಂದ್ರೆ ಹೇಗೆ, ಮೊಳಕೆ ನೆನಪಾಗುತ್ತಾ?

ಇನ್ನೊಂದು, ಕೆ ಮತ್ತೆ ಸಿ1 ಎರಡನ್ನೂ ಸ್ಥಿರಾಂಕ ಅಂತಲೇ ಬರೀತಿದೀವಿ. ಕೆ ಸಮೀಕರಣದಲ್ಲೇ ಇದ್ದದ್ದು, ಸಿ1 ಬಿಡಿಸೋವಾಗ ಹುಟ್ಟಿದ್ದು (ಮ್ಯಾಕ್ಸಿಮಾದಲ್ಲಿ ಅದರ ಮುಂದೆ ಪರ್ಸೆಂಟ್ ಗುರುತು ಇರುತ್ತೆ, ಬೇರೆ ಮಾಡೋದು ಸುಲಭ). ಕೆ ಥರದ್ದನ್ನ ನಿಯತಾಂಕ (ಪ್ಯಾರಾಮೀಟರ್) ಅಂತೀನಿ, ಸಿ1ಕ್ಕೆ ಸ್ವೇಚ್ಛಾ ಸ್ಥಿರಾಂಕ (ಆರ್ಬಿಟ್ರರಿ ಕಾನ್‌ಸ್ಟಂಟ್) ಅನ್ನೋಕೆ ಮನಸ್ಸಿಲ್ಲ, ಸ್ವೇಚ್ಛೆಗೆ ಕನ್ನಡದಲ್ಲಿ ಬೈಗುಳದ ವಾಸನೆ ಇದೆ. ಪಾಠ ಮಾಡೋರು ಕ್ಲಾಸಲ್ಲಿ ಬಾಯಲ್ಲಿ ಏನಂತೀರಿ, ಅದನ್ನೇ ಹೇಳಿ.