ಚಾಲಿಯ ಪಟ್ಟಿಯಲ್ಲಿ ರಾಶಿ

ಮಗಳೇ, ನಿನ್ನ ಸಂದೇಶ ಈಗ ಕೇಳಿದೆ. ಮಾಣಿಗೆ ನಾಳೆ ಗಣಿತ ಪರೀಕ್ಷೆ, ಔಟ್‌ಲೈಯರ್ ಎಂದರೆ ತಲೆಗೆ ಹೋಗುತ್ತಿಲ್ಲ, ಅಂಥ ಅಂಕಿ ಬಂದರೆ ಹೊಡೆದುಹಾಕುವುದೋ ಇಟ್ಟುಕೊಳ್ಳುವುದೋ ಎಂದು ಕೇಳಿದ್ದೀಯಲ್ಲ, ಸಮಾಧಾನದಿಂದ ಕೇಳು. ಉಳಿದವುಗಳಿಂದ ತುಂಬ ದೂರ ನಿಂತ ಅಂಕಿಯೇ ಔಟ್‌ಲೈಯರ್.

ನಾನು ಚಾಲಿ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಮಾರದೆ ಇಟ್ಟುಕೊಂಡು ಕೆಟ್ಟ ವರ್ಷ ನಿಮಗೆಲ್ಲ ನೆನಪಿದೆ, ಸಣ್ಣಪ್ಪನ ಮಗಳ ಮದುವೆಯ ವರ್ಷ. ಶಿರಸಿ ಪೇಟೆಯಲ್ಲಿ ಒಬ್ಬ ಗುಮಾಸ್ತ ಅಂದಿನ ಐದು ಲಾಟಿನ ದರವನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟ. ಕ್ವಿಂಟಲಿಗೆ 30,000, 30,500, 31,000, 31,500, ಕೊನೆಯದು 47,000. ಕೂಡಿಸಿ ಐದರಿಂದ ಭಾಗಿಸಿದೆ, ಸರಾಸರಿ 34,000. ಐದರಲ್ಲಿ ನಾಲ್ಕು ಲಾಟು ಮೂವತ್ತೆರಡು ಸಾವಿರವನ್ನೂ ಮುಟ್ಟಿಲ್ಲ ಎಂಬುದು ಈ ಬುದ್ಧಿವಂತನ ಕಣ್ಣಿಗೆ ಬೀಳಲಿಲ್ಲ. ಮೂವತ್ನಾಲ್ಕು ಬರದೆ ಕೊಡುವುದಿಲ್ಲ ಎಂದು ಮೂಟೆಗಳನ್ನು ಅಟ್ಟಕ್ಕೇರಿಸಿದೆ. ಆಷಾಢದ ಮಳೆಗೆ ಬೂಷ್ಟು ಹಿಡಿಯಿತು, 26,000ಕ್ಕೆ ಕೊಟ್ಟು ಕೈತೊಳೆದುಕೊಂಡೆ. ಆಮೇಲೆ ತಿಳಿಯಿತು, ಆ 47,000 ಚಾಲಿಯೇ ಅಲ್ಲ, ರಾಶಿ! ಬೇಯಿಸಿದ ಕೆಂಪಡಿಕೆಯ ದರವನ್ನು ಬಿಳಿ ಅಡಿಕೆಯ ಪಟ್ಟಿಗೆ ಸೇರಿಸಿದ್ದ ಪುಣ್ಯಾತ್ಮ.

ಅದಕ್ಕೇ ಹೇಳುತ್ತೇನೆ, ದೂರ ನಿಂತ ಅಂಕಿಯನ್ನು ಕಾರಣ ಕೇಳದೆ ಲೆಕ್ಕಕ್ಕೆ ಸೇರಿಸಬೇಡಿ. ಹಾಗೆಂದು ಎಲ್ಲವೂ ತಪ್ಪಲ್ಲ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿಯಿತಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಸುರಿದ ಆ ಭಾರೀ ಮಳೆಯ ಅಂಕಿಯನ್ನು ಬರೆದವರ ಕೈತಪ್ಪು ಎಂದು ಅಳಿಸಲಾದೀತೇ? ಇನ್ನೊಮ್ಮೆ ಹೇಳುತ್ತೇನೆ, ಕಾರಣ ಕೇಳದೆ ಸೇರಿಸಲೂ ಬೇಡಿ, ಹೊಡೆಯಲೂ ಬೇಡಿ.

ಇದನ್ನೆಲ್ಲ ಮಾಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕು. ಆದರೆ ಬೆಂಗಳೂರಿನಿಂದ ಬರುವವರು ಯಾರು? ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಂದಾಗ ಇಪ್ಪತ್ತೆರಡು ಬಾಳೆ ಎಲೆ ಹಾಕುತ್ತೇವೆ. ಅದನ್ನೇ ನೋಡಿ ದೊಡ್ಡಪ್ಪನ ಮನೆ ಸದಾ ತುಂಬಿರುತ್ತದೆ ಎನ್ನುತ್ತೀರಿ. ಉಳಿದ ದಿನ ಎರಡೇ ಎಲೆ, ನನ್ನದೊಂದು, ನಿನ್ನ ದೊಡ್ಡಮ್ಮನದೊಂದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಒಬ್ಬರ ಮುಖವೂ ಕಾಣುವುದಿಲ್ಲ.

ಅಯ್ಯೋ, ಪರೀಕ್ಷೆಯ ಮಾತು ಬಿಟ್ಟೇಹೋಯಿತು. ಮಾಣಿ ಮೊದಲು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದುಕೊಳ್ಳಲಿ. ನಟ್ಟನಡುವೆ ಇರುವುದು ಮಧ್ಯಾಂಕ, ನನ್ನ ಪಟ್ಟಿಯಲ್ಲಿ 31,000. ಈಗ 47,000 ತೆಗೆದು ಮತ್ತೆ ಲೆಕ್ಕ ಹಾಕಲಿ. ನಾಲ್ಕೇ ಉಳಿದಾಗ ನಡುವಿನ ಎರಡರ ಸರಾಸರಿಯೇ ಮಧ್ಯಾಂಕ, ಹಾಗಾಗಿ ಸರಾಸರಿಯೂ ಮಧ್ಯಾಂಕವೂ 30,750 ಬರುತ್ತವೆ. ಸರಾಸರಿ ಕುಸಿದದ್ದು 3,250, ಮಧ್ಯಾಂಕ ಬರೀ 250. ಯಾವುದಾದರೂ ಅಂಕಿಯನ್ನು ಬಿಟ್ಟರೆ ಏಕೆ ಬಿಟ್ಟೆ ಎಂದು ಪಕ್ಕದಲ್ಲೇ ಬರೆಯಲಿ. ಮಾಡಿಸಿ ಫೋಟೊ ಕಳಿಸು, ಒಂಬತ್ತಕ್ಕೆ ನಾನು ಮಲಗುತ್ತೇನೆ.