ಸಹಾಯ ಬೇಕು: ಹಾವು ಹಿಡಿಯುವ ಮಗನ ಸುರಕ್ಷತೆಯ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಇಂಜಿನಿಯರಿಂಗ್ ಓದಿದ ಮಗ, ಇದ್ದ ಕೆಲಸ ಬಿಟ್ಟು ಹಾವು ರಕ್ಷಣೆಯನ್ನೇ ವೃತ್ತಿ ಮಾಡಿಕೊಳ್ಳುತ್ತೇನೆಂದು ಹೊರಟಾಗಿನಿಂದ ನಮ್ಮ ನಡುವೆ ಮಾತು ನಿಂತು, ಅವನು ಹಬ್ಬಕ್ಕೂ ಮನೆಗೆ ಬರುತ್ತಿರಲಿಲ್ಲ. ಈಚೆಗೆ ಪಕ್ಕದ ಮನೆಯ ಸೌದೆ ಕೊಟ್ಟಿಗೆಗೆ ಹೊಕ್ಕಿದ್ದ ಕಾಳಿಂಗ ಸರ್ಪವನ್ನು ಹಿಡಿಯಲು ಬಂದವನು ಅವನೇ. ಪೈಪಿನ ಬಾಯಿಗೆ ಬಿಗಿದ ಕಪ್ಪು ಚೀಲದೊಳಕ್ಕೆ ಅದು ತಾನಾಗಿಯೇ ಸರಿಯುವವರೆಗೂ ಅವನು ಅವಸರವಿಲ್ಲದೆ ಕಾದು ನಿಂತ ರೀತಿ ನೋಡಿದ ಮೇಲೆ, ಇದು ಹುಚ್ಚಾಟವಲ್ಲವೆಂದು ನನಗೆ ಮನವರಿಕೆಯಾಗಿದೆ. ಅವನ ತಾಯಿಗೆ ಇನ್ನೂ ಪೂರ್ತಿ ಆಗಿಲ್ಲ.

ಭಯ ಮಾತ್ರ ಹೋಗಿಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ 4 ಹಾವುಗಳಿಗೆಂದು ತಯಾರಾದದ್ದು; ಕಾಳಿಂಗದ ವಿಷಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಆಗುಂಬೆ, ಹೊಸನಗರ ಭಾಗದಲ್ಲಿ ಈ ಕೆಲಸ ಮಾಡುವವರು, ಕಚ್ಚಿದರೆ ವೆಂಟಿಲೇಟರ್ ಸೌಲಭ್ಯವಿರುವ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆಯೇ? ಇಂಥವರಿಗೆ ಅಪಘಾತ ವಿಮೆ ಸಿಗುತ್ತದೆಯೇ? (ನಾನು ವಿಚಾರಿಸಿದ ಏಜೆಂಟರು ಕೆಲಸದ ಹೆಸರು ಕೇಳಿಯೇ ನಕ್ಕರು.) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯಿಂದ ಲಿಖಿತ ಅನುಮತಿ ಪಡೆದವರಿದ್ದರೆ, ಅರ್ಜಿಯನ್ನು ಯಾರಿಗೆ, ಹೇಗೆ ಸಲ್ಲಿಸಿದಿರೆಂದು ದಯವಿಟ್ಟು ತಿಳಿಸಿ. ಕೆಲಸ ಬಿಡಿಸಿ ಎಂಬ ಸಲಹೆ ಬೇಡ.