ಆ್ಯಪ್ ತೆಗೆದರೂ ಆಟೋಪೇನಲ್ಲಿ ದುಡ್ಡು ಕಟ್: ವಾಪಸ್ ಸಿಗುತ್ತಾ?

ಪ್ರಶ್ನೆ
ಫ್ರೀ ಟ್ರಯಲ್‌ಗೆ ಯುಪಿಐ ಆಟೋಪೇ ಕೊಟ್ಟು, ಆಮೇಲೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ದರೂ ವರ್ಷದ ಪ್ಲ್ಯಾನ್ ಎಂದು 1,499 ರೂ. ಹೋಗಿದೆ. ಪಿನ್ ಕೇಳಲೇ ಇಲ್ಲ. ಇದು ನಿಯಮಕ್ಕೆ ವಿರುದ್ಧ ಅಲ್ವಾ?

ಉತ್ತರ 1
ಪಿನ್ ಕೇಳದಿರುವುದು ತಪ್ಪಲ್ಲ. ಆರ್‌ಬಿಐ ಇ-ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಹಣ ಕಡಿತವಾಗಲು ಮೊದಲೇ ಕೊಡುವ ಅನುಮತಿ) ನಿಯಮದ ಪ್ರಕಾರ ನೋಂದಣಿ ವೇಳೆ ಪಿನ್ ಅಥವಾ ಒಟಿಪಿ ಕೊಟ್ಟಿದ್ದರೆ, ಮುಂದಿನ ಕಂತುಗಳಿಗೆ 15,000 ರೂ. ವರೆಗೆ ಮತ್ತೆ ಕೇಳಬೇಕಿಲ್ಲ. (2022ರ ಜೂನ್‌ಗೆ ಮೊದಲು ಈ ಮಿತಿ 5,000 ಇತ್ತು.)

ನೀವು ಹುಡುಕಬೇಕಾದದ್ದು ಬೇರೆ: ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬಂದಿರಬೇಕಾದ ಸೂಚನೆ. ಅದರಲ್ಲಿ ಕಂಪನಿಯ ಹೆಸರು, ಮೊತ್ತ, ದಿನಾಂಕ, ಕಾರಣ ಇರಬೇಕು. ಬೇಡ ಎನ್ನಲು ಅವಕಾಶವೂ ಇರಬೇಕು. ಎಸ್ಸೆಮ್ಮೆಸ್, ಇಮೇಲ್, ಸ್ಪ್ಯಾಮ್ ಎಲ್ಲ ಜಾಲಾಡಿ. ಬಂದೇ ಇಲ್ಲವೆಂದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ದೂರು ಸಂಖ್ಯೆ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕ್ ವಿರುದ್ಧದ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸೂಚನೆ ಬಂದಿದ್ದು ನೀವು ನೋಡಿಲ್ಲವಾದರೆ ಬ್ಯಾಂಕಿನ ಮೇಲೆ ವಾದ ನಿಲ್ಲುವುದು ಕಷ್ಟ.

ಉತ್ತರ 2
ಮೊದಲು ಮುಂದಿನ ಕಡಿತ ನಿಲ್ಲಿಸಿ. ಅನ್‌ಇನ್‌ಸ್ಟಾಲ್‌ನಿಂದ ಏನೂ ರದ್ದಾಗಲ್ಲ. ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ಆ ಮ್ಯಾಂಡೇಟ್ ತೆರೆದು, ಯುಎಂಎನ್ (ಆ ಮ್ಯಾಂಡೇಟ್‌ನ ಗುರುತಿನ ಸಂಖ್ಯೆ) ಕಾಣುವ ಸ್ಕ್ರೀನ್‌ಶಾಟ್ ತೆಗೆದು, ಪಿನ್ ಹಾಕಿ ರದ್ದು ಮಾಡಿ. ಆಮೇಲೆ ಕಂಪನಿಯ ಖಾತೆಯಲ್ಲೂ ಚಂದಾ ರದ್ದು ಮಾಡಿ, ಯಾಕೆಂದರೆ ಮ್ಯಾಂಡೇಟ್ ಬರೀ ದುಡ್ಡಿನ ದಾರಿ, ಒಪ್ಪಂದ ಬೇರೆ. ಪ್ಲೇ ಸ್ಟೋರ್ ಮೂಲಕ ಕೊಂಡಿದ್ದರೆ ರದ್ದು ಮಾಡಬೇಕಾದದ್ದೂ ಅಲ್ಲೇ.

ಇನ್ನೊಂದು: ಟ್ರಯಲ್‌ಗೆ 1 ರೂ. ಎಂದು ದೊಡ್ಡಕ್ಷರದಲ್ಲಿ ತೋರಿಸಿ, ಮ್ಯಾಂಡೇಟ್‌ನ ಗರಿಷ್ಠ ಮೊತ್ತವನ್ನು ಸಾವಿರಗಳಲ್ಲಿ ಇಟ್ಟಿರುತ್ತಾರೆ. ಪಿನ್ ಹಾಕುವ ಮುನ್ನ ಓದಬೇಕಾದ ಸಾಲು ಅದೇ.

ಉತ್ತರ 3
ರಿಫಂಡ್‌ಗೆ ಕಂಪನಿಯನ್ನು ಹಿಡಿಯುವುದೇ ಮೇಲು. 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ಆ್ಯಪ್, ವೆಬ್‌ಸೈಟ್ ವಿನ್ಯಾಸ) ಮಾರ್ಗಸೂಚಿಯ 13 ಬಗೆಗಳಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಒಂದು. ರದ್ದತಿ ಬಟನ್ ಬಚ್ಚಿಡುವುದಷ್ಟೇ ಅಲ್ಲ, ಉಚಿತ ಚಂದಾಕ್ಕೆ ಆಟೋ ಡೆಬಿಟ್ ಒಪ್ಪಿಗೆಯನ್ನು ಕಡ್ಡಾಯ ಮಾಡುವುದೂ ಅದರೊಳಗೆ ಬರುತ್ತೆ. ನಿಮ್ಮ ಪ್ರಕರಣಕ್ಕೆ ಗಟ್ಟಿ ಎಳೆ ಇದು. ಸೈನ್‌ಅಪ್ ಪುಟದ ಸ್ಕ್ರೀನ್‌ಶಾಟ್ ಸಮೇತ ಕಂಪನಿಗೆ ಇಮೇಲ್ ಮಾಡಿ, ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಹೆಲ್ಪ್‌ಲೈನ್ 1915ಕ್ಕೆ ದೂರು ಕೊಡಿ. ಹೆಲ್ಪ್‌ಲೈನ್ ಆದೇಶ ಕೊಡಲ್ಲ, ಮಧ್ಯಸ್ಥಿಕೆ ಮಾತ್ರ. ಆದೇಶ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಗತಿ: ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 2 ವರ್ಷದೊಳಗೆ ಹಾಕಬೇಕು.

ಪ್ರಶ್ನೆ ಕೇಳಿದವರು
ಮ್ಯಾಂಡೇಟ್ ರದ್ದಾದ ಮೇಲೂ ಕಟ್ ಆದರೆ?

ಉತ್ತರ 1
ಆಗ ಅದು ಅನಧಿಕೃತ ವಹಿವಾಟು. ರದ್ದತಿಯ ಸ್ಕ್ರೀನ್‌ಶಾಟ್ ಜೊತೆ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿ. ತಡ ಮಾಡಿದಷ್ಟೂ ನಷ್ಟದ ಪಾಲು ನಿಮ್ಮ ತಲೆಗೆ ಬರಬಹುದು.